ಲ್ಯಾಪ್‌ಟಾಪ್ ಮಲಗಿಸೋದು ಕರ್ನಲ್ ಕೆಲಸ, ನಮ್ಮ ಮಕ್ಕಳ ಕೆಲಸ ಅಲ್ಲ

ಹೋದ ವಾರ ಅಕ್ಕನ ಮಗಳ ಜೊತೆ ಶಿರಸಿಯಿಂದ ಕುಮಟಾಕ್ಕೆ ಬಸ್ಸಲ್ಲಿ ಹೋಗ್ತಿದ್ದೆ. ದೇವಿಮನೆ ಘಟ್ಟ ಅರ್ಧ ಇಳಿದಿರಬಹುದು, ತೊಡೆ ಮೇಲಿದ್ದ ಬ್ಯಾಗ್ ಮುಟ್ಟಿ "ಮಾವಾ, ಇದು ಎಂತಕ್ಕೆ ಹಿಂಗೆ ಸುಡ್ತಾ ಇದ್ದು? ಮುಚ್ಚೇ ಇಟ್ಟಿದ್ದಿ" ಅಂದ್ಲು. ತೆಗೆದು ನೋಡಿದ್ರೆ ತಳ ಮುಟ್ಟೋಕಾಗಲ್ಲ, ಒಳಗೆ ಫ್ಯಾನ್ ತಿರುಗ್ತಾ ಇದೆ, ಬೆಳಿಗ್ಗೆ ಫುಲ್ ಚಾರ್ಜ್ ಮಾಡಿದ್ದ ಬ್ಯಾಟರಿ 11ಕ್ಕೆ ಇಳಿದಿದೆ. ಕಾಲೇಜಲ್ಲಿ ಅವತ್ತೇ ಪ್ರಾಜೆಕ್ಟ್ ತೋರಿಸ್ಬೇಕು, ಆ ಹುಡುಗಿ ಮುಖ ನೋಡೋಕಾಗ್ಲಿಲ್ಲ ನಂಗೆ. ಅದಕ್ಕೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟವನೂ ನಾನೇ. ಹಾರ್ಡ್‌ವೇರ್ ನೋಡ್ಕೊಳ್ಳೋ ಅದರ ತಿರುಳಿಗೇ ಕರ್ನಲ್ ಅನ್ನೋದು.

ಮನೆಗೆ ಬಂದು ಕೂತು ನೋಡ್ದೆ. ಈಗಿನ ಸುಮಾರು ಲ್ಯಾಪ್‌ಟಾಪ್‌ಗಳಲ್ಲಿ ಹಳೇ ಎಸ್-3 ನಿದ್ದೆನೇ (ಮೆಮೊರಿ ಬಿಟ್ಟು ಹೆಚ್ಚುಕಮ್ಮಿ ಎಲ್ಲಾ ಆಫ್ ಆಗೋದು) ಇಲ್ಲ, ಮುಚ್ಚಿದ್ರೆ ಮೊಬೈಲ್ ಥರ ಅರೆನಿದ್ದೆ. ಅದ್ರಲ್ಲಿ ಎಲ್ಲಾ ಡಿವೈಸ್ ಮಲಗಿದ್ರೆ ಮಾತ್ರ ಪ್ರೊಸೆಸರ್ ಪೂರ್ತಿ ಮಲಗತ್ತೆ, ಒಂದು ಎದ್ದು ಕೂತಿದ್ರೂ ಬ್ಯಾಟರಿ ಸೋರ್ತಾ ಇರತ್ತೆ. ಇವಳದ್ರಲ್ಲಿ ಗಾಢನಿದ್ದೆ ಲೆಕ್ಕ ಇಡೋ ಕೌಂಟರ್ ಸೊನ್ನೆ, ಮಲಗದೇ ಇದ್ದಿದ್ದು ಎಸ್‌ಎಸ್‌ಡಿ, ಅಂದ್ರೆ ಫೈಲ್ ಎಲ್ಲಾ ಇರೋ ಡಿಸ್ಕ್. ಬೂಟ್ ಪ್ಯಾರಾಮೀಟರ್ (ಶುರುವಾಗುವಾಗ ಕರ್ನಲ್‌ಗೆ ಕೊಡೋ ಸೂಚನೆ) ಒಂದು ಸೇರಿಸಿದ್ಮೇಲೆ ಸರಿಯಾಯ್ತು.

ಆದ್ರೆ ನಂಗೆ ಸಮಾಧಾನ ಆಗಿಲ್ಲ. ಅದೇ ಮಾಡೆಲ್ ತಗೊಂಡ ಬೇರೆ ಮಕ್ಕಳಿಗೆ ಮಾವ ಇರ್ಬೇಕಲ್ಲ? ಇಂಥ ಹಾರ್ಡ್‌ವೇರ್ ವಕ್ರಬುದ್ಧಿಗೆ ಔಷಧಿ ಕರ್ನಲ್ ಒಳಗೇ ಇರ್ಬೇಕು, ಆಯಾ ಡಿವೈಸ್ ನಡೆಸೋ ಡ್ರೈವರ್‌ನಲ್ಲಿ, ಮಾಡೆಲ್ ಹೆಸರು ನೋಡಿ ತಾನಾಗೇ ಹಾಕ್ಕೊಳ್ಳೋ ಹಾಗೆ. ನಾನು ಹೇಳೋದು ಅದೇ.

ಯೂಸರ್‌ಸ್ಪೇಸ್‌ನಲ್ಲಿ, ಅಂದ್ರೆ ಕರ್ನಲ್ ಹೊರಗೆ ಮಾಮೂಲಿ ಪ್ರೋಗ್ರಾಂ ಓಡೋ ಕಡೆ, ಸ್ಕ್ರಿಪ್ಟ್ ಇಟ್ರೆ ಸಾಕು ಅನ್ನೋರಿದಾರೆ, ಅದನ್ನ ಹಿಂದೆ ಮಾಡಿ ನೋಡಿದ್ದೇವೆ. ಸಸ್ಪೆಂಡ್‌ನಿಂದ, ಅಂದ್ರೆ ಈ ನಿದ್ದೆಯಿಂದ, ಎದ್ಮೇಲೆ ಸ್ಕ್ರೀನ್ ಕಪ್ಪು ಬರ್ತಿದ್ದ ಕಾಲ ನೆನಪಿದ್ಯಾ? ಯಾವ ಮಾಡೆಲ್‌ಗೆ ಯಾವ ಮದ್ದು ಅಂತ ಹ್ಯಾಲ್ ಅನ್ನೋ ಯೂಸರ್‌ಸ್ಪೇಸ್ ಪ್ರೋಗ್ರಾಂನಲ್ಲಿ ಉದ್ದುದ್ದ ಪಟ್ಟಿ ಇತ್ತು. 2009ರಲ್ಲಿ ಕರ್ನಲ್ ಮೋಡ್ ಸೆಟ್ಟಿಂಗ್ ಬಂತು, ಗ್ರಾಫಿಕ್ಸ್ ಡ್ರೈವರ್ ತಾನೇ ಸ್ಕ್ರೀನ್ ಎಬ್ಬಿಸೋಕೆ ಶುರು ಮಾಡ್ತು, ಆಮೇಲೆ ಆ ಪಟ್ಟಿಯ ಕೆಲಸವೇ ಮುಗೀತು. ಅಲ್ಲದೆ ಸಸ್ಪೆಂಡ್ ಆಗುವಾಗ ಡಿವೈಸ್‌ಗಳಿಗಿಂತ ಮೊದ್ಲೇ ಯೂಸರ್‌ಸ್ಪೇಸ್ ಪ್ರೋಗ್ರಾಂಗಳನ್ನ ಕರ್ನಲ್ ಫ್ರೀಜ್ ಮಾಡಿಬಿಡತ್ತೆ, ಆಮೇಲೆ ಡಿಸ್ಕ್ ತಕರಾರು ಮಾಡಿದ್ರೆ ನಿಮ್ಮ ಸ್ಕ್ರಿಪ್ಟ್ ಎಂತ ಮಾಡತ್ತೆ ಮಾರಾಯ್ರೆ!

2017ರಲ್ಲಿ ಕರ್ನಲ್ 4.11 ಎನ್‌ವಿಎಂಇ ಡಿಸ್ಕ್‌ಗಳ (ವೇಗದ ಜಾತಿಯ ಎಸ್‌ಎಸ್‌ಡಿ) ಪವರ್ ಸೇವಿಂಗ್ ಆನ್ ಮಾಡಿದಾಗ್ಲೂ ಹಿಂಗೇ ಆಯ್ತು. ಕೆಲವು ಡಿಸ್ಕ್ ಕೆಲವು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕೈಕೊಡ್ತಿದ್ವು, ಅದೇ ಡಿಸ್ಕ್ ಬೇರೆ ಕಡೆ ಆರಾಮಾಗಿರ್ತಿತ್ತು. ಕೊನೆಗೆ ಡ್ರೈವರ್‌ನಲ್ಲೇ ಡಿಸ್ಕ್‌ನ ಗುರುತು, ಮಷಿನ್ ಹೆಸರು ಎರಡನ್ನೂ ನೋಡಿ ಆ ಜೋಡಿಗಷ್ಟೇ ಅತಿ ಆಳದ ನಿದ್ದೆ ಬಂದ್ ಮಾಡಿದ್ರು. ಉಳಿದವ್ರ ಬ್ಯಾಟರಿಗೆ ಏನೂ ನಷ್ಟ ಇಲ್ಲ.

ಯುಎಸ್‌ಬಿ ಆಟೋಸಸ್ಪೆಂಡ್ (ಸುಮ್ಮನಿರೋ ಯುಎಸ್‌ಬಿ ಡಿವೈಸ್ ತಾನಾಗೇ ಮಲಗೋದು) ಮಾತು ಬೇರೆ, ಯಾವುದು ಧೈರ್ಯವಾಗಿ ಮಲಗಿಸ್ಬಹುದು ಅನ್ನೋ ಪಟ್ಟಿ ಯೂಸರ್‌ಸ್ಪೇಸ್‌ನಲ್ಲಿ ಡಿವೈಸ್ ನೋಡ್ಕೊಳ್ಳೋ ಯುಡೆವ್‌ನ ಡೇಟಾಬೇಸ್‌ನಲ್ಲಿದೆ, ಅದು ಅಲ್ಲೇ ಇರ್ಲಿ, ತಪ್ಪಿದ್ರೂ ಹೆಚ್ಚಾಗಿ ಮೌಸ್ ಒಂದು ಕ್ಷಣ ತಡವಾಗಿ ಏಳತ್ತೆ ಅಷ್ಟೆ.

ಇನ್ನು "ಬಯೋಸ್ ಅಪ್ಡೇಟ್ ಮಾಡ್ರಿ, ತಪ್ಪು ಕಂಪನಿದು" ಅನ್ನೋರು. ಬಯೋಸ್ ಅಂದ್ರೆ ಮದರ್‌ಬೋರ್ಡ್ ಒಳಗೇ ಕಂಪನಿ ಹಾಕಿರೋ ಸಾಫ್ಟ್‌ವೇರ್, ಫರ್ಮ್‌ವೇರ್ ಅಂತಾರೆ. ತಪ್ಪು ಅವರದ್ದೇ, ಒಪ್ದೆ. ಆದ್ರೆ ಆಷಾಢದಲ್ಲಿ ಶಿರಸಿ ಬದಿ ಹಳ್ಳಿಗೆ ಬನ್ನಿ, ಮರ ಬಿದ್ದು ಕರೆಂಟ್ ಯಾವಾಗ ಹೋಗತ್ತೆ ಹೇಳೋಕಾಗಲ್ಲ, ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪ್‌ಗೆ ಅಪ್ಡೇಟ್ ಹಾಕ್ತಾ ಇರುವಾಗ ಹೋಯ್ತು ಅಂದ್ರೆ ಮದರ್‌ಬೋರ್ಡೇ ಹೋದ ಹಾಗೆ. ಕರ್ನಲ್ ಅಪ್ಡೇಟ್ ಹಂಗಲ್ಲ, ಕೆಟ್ರೆ ಹಳೇದಕ್ಕೇ ಬೂಟ್ ಮಾಡ್ಬಹುದು.

ಒಂದು ಮಾತು ಮಾತ್ರ ಎದುರು ಪಕ್ಷದವ್ರದ್ದು ನಂಗೂ ಸರಿ ಅನ್ಸತ್ತೆ. ಒಂದೇ ಮದ್ದು ಹತ್ತು ಮಾಡೆಲ್‌ಗೆ ಬೇಕಾಯ್ತು ಅಂದ್ರೆ ಅದು ಆ ಮಷಿನ್‌ಗಳ ವಕ್ರ ಅಲ್ಲ, ನಾವು ಹಾರ್ಡ್‌ವೇರ್ ಜೊತೆ ಮಾತಾಡೋ ರೀತಿನೇ ತಪ್ಪಿದೆ. ಕಂಪನಿಗಳು ಟೆಸ್ಟ್ ಮಾಡೋದು ವಿಂಡೋಸ್ ಮೇಲೆ, ಅದಕ್ಕೇ ಎಸಿಪಿಐ ಫರ್ಮ್‌ವೇರ್ (ಪವರ್ ವಿಷಯ ಆಪರೇಟಿಂಗ್ ಸಿಸ್ಟಂಗೆ ಹೇಳೋ ಭಾಗ) "ನೀನು ವಿಂಡೋಸಾ?" ಅಂತ ಕೇಳಿದ್ರೆ ಲಿನಕ್ಸ್ ಹೌದು ಅನ್ನತ್ತೆ. ಅಂಥ ಕಡೆ ಪಟ್ಟಿಗೆ ಹನ್ನೊಂದನೇ ಹೆಸರು ಸೇರಿಸೋ ಬದ್ಲು ಡ್ರೈವರ್‌ನ ನಡವಳಿಕೆಯನ್ನೇ ತಿದ್ಬೇಕು. ಹಾಗೆ ತಿದ್ದೋಕಾದ್ರೂ ಎಲ್ಲಾ ದೂರು ಒಂದೇ ಕಡೆ ಸೇರ್ಬೇಕಲ್ವಾ, ಒಬ್ಬೊಬ್ರ ಮನೇಲಿ ಒಂದೊಂದು ಬೂಟ್ ಪ್ಯಾರಾಮೀಟರ್ ಆಗಿ ಅಡಗಿ ಕೂತ್ರೆ ಗೊತ್ತಾಗೋದು ಹೆಂಗೆ?

ಇವಳ ಮಷಿನ್‌ದು ಲಾಗ್ ಎಲ್ಲಾ ಸೇರಿಸಿ ಕರ್ನಲ್‌ನವ್ರಿಗೆ ಬಗ್ ಹಾಕಿದೀನಿ. ಮುಚ್ಚಿಟ್ಟ ಲ್ಯಾಪ್‌ಟಾಪ್ ಬ್ಯಾಗಲ್ಲಿ ಬಿಸಿಯಾಗೋದು ನಿಮ್ಮನೇಲೂ ಇದ್ರೆ ಮಾಡೆಲ್ ಹೆಸರು, ಎಸ್‌ಎಸ್‌ಡಿ ಹೆಸರು ಎರಡೂ ಇನ್‌ಬಾಕ್ಸ್ ಮಾಡಿ. ಭಾನುವಾರ ಮನೇಲೇ ಇರ್ತೇನೆ, ಶಿರಸಿ ಸಿದ್ದಾಪುರ ಕಡೆಯವ್ರು ಮಷಿನ್ ಹಿಡ್ಕೊಂಡೇ ಬಂದ್ರೂ ಸೈ.