ಡ್ಯೂಸ್‌ಬುರ್ಗಿನ ಮಕ್ಕಳಿಗಾಗಿ ಬರೆದ ಮೇಷ್ಟ್ರು

ಹೊರನಾಡಿನಲ್ಲಿ ಕನ್ನಡ ಉಳಿಯಬೇಕೆಂಬ ಮಾತು ಬಂದಾಗಲೆಲ್ಲ ನಾವು ವಾರಾಂತ್ಯದ ತರಗತಿ, ಪಠ್ಯಪುಸ್ತಕ, ರಾಜ್ಯೋತ್ಸವಗಳ ಬಗ್ಗೆ ಮಾತನಾಡುತ್ತೇವೆ. ಇಲ್ಲೇ ಹುಟ್ಟಿ ಬೆಳೆಯುವ ಮಗುವಿನ ಬದುಕನ್ನು ಕನ್ನಡದಲ್ಲಿ ಕಥೆಯಾಗಿ ಬರೆದುಕೊಡುವವರು ಯಾರು ಎಂದು ಕೇಳುವುದಿಲ್ಲ. ಜರ್ಮನಿಯ ರೂರ್ ಪ್ರದೇಶದಲ್ಲಿ ನೆಲೆಸಿರುವ ನನಗೆ ಈ ಪ್ರಶ್ನೆ ಗಟ್ಟಿಯಾಗಿ ಎದುರಾದದ್ದು ಒಬ್ಬ ಟರ್ಕಿಶ್ ಮೇಷ್ಟ್ರ ಬದುಕನ್ನು ಓದುತ್ತಾ ಹೋದಾಗ. ಅವರ ಹೆಸರು ಫಕೀರ್ ಬಾಯ್ಕುರ್ತ್. ಕಾದಂಬರಿಕಾರರು, ಮಕ್ಕಳ ಲೇಖಕರು, ಎಲ್ಲಕ್ಕಿಂತ ಮೊದಲು ಹಳ್ಳಿಯ ಶಾಲೆಯ ಶಿಕ್ಷಕರು.

1929ರಲ್ಲಿ ಟರ್ಕಿಯ ಬುರ್ದೂರ್ ಪ್ರಾಂತ್ಯದ ಅಕ್ಚಾಕೋಯ್ ಎಂಬ ಹಳ್ಳಿಯ ಬಡ ರೈತ ಕುಟುಂಬದಲ್ಲಿ ಹುಟ್ಟಿದರು. ಶಾಲೆಗೆ ಸೇರಿ ಎರಡು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಸೋದರಮಾವ ದೂರದ ಊರಿಗೆ ಕರೆದೊಯ್ದು ಮಗ್ಗದ ಕೆಲಸಕ್ಕೆ ಹಚ್ಚಿದರು. ಮಾವನಿಗೆ ಸೈನ್ಯದ ಕರೆ ಬಂದದ್ದರಿಂದ ಹುಡುಗ ಊರಿಗೆ ಮರಳಿ ಮತ್ತೆ ಶಾಲೆಗೆ ಸೇರಿದ. ಆ ಒಂದು ಕರೆ ಬರದೇ ಹೋಗಿದ್ದರೆ ಅವರು ಮಗ್ಗದಲ್ಲೇ ಉಳಿಯುತ್ತಿದ್ದರೋ ಏನೋ.

ಮುಂದೆ ಅವರನ್ನು ರೂಪಿಸಿದ್ದು ಗೋನೆನ್ ಎಂಬಲ್ಲಿದ್ದ ಗ್ರಾಮ ಶಿಕ್ಷಣ ಸಂಸ್ಥೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 1940ರಲ್ಲಿ ಶಿಕ್ಷಣ ಸಚಿವ ಹಸನ್ ಆಲಿ ಯೂಜೆಲ್ ಮತ್ತು ಅಧಿಕಾರಿ ಇಸ್ಮಾಯಿಲ್ ಹಕ್ಕಿ ತೊಂಗುಚ್ ಸೇರಿ ಟರ್ಕಿಯ ಹಳ್ಳಿಗಾಡಿನಲ್ಲಿ ಇಂಥ ಸಂಸ್ಥೆಗಳನ್ನು ಆರಂಭಿಸಿದರು. ಒಟ್ಟು 21 ಕಟ್ಟಲ್ಪಟ್ಟವು. ಹಳ್ಳಿಯ ಮಕ್ಕಳನ್ನೇ ಆರಿಸಿ, ಶಿಕ್ಷಕರನ್ನಾಗಿ ಮಾಡಿ, ಹಳ್ಳಿಗೇ ಕಳಿಸುವುದು ಗುರಿ. ಅರ್ಧ ಸಮಯ ಪಾಠ, ಉಳಿದರ್ಧ ಬೇಸಾಯ, ಮರಗೆಲಸ, ಕಮ್ಮಾರಿಕೆ, ಗಾರೆ ಕೆಲಸ. ತಮ್ಮ ತರಗತಿಯ ಗೋಡೆಗಳನ್ನು ವಿದ್ಯಾರ್ಥಿಗಳೇ ಕಟ್ಟಿದರು. ಮ್ಯಾಂಡೊಲಿನ್ ನುಡಿಸುವುದನ್ನು ಕಲಿತರು. ಕುರುಡು ಜನಪದ ಗಾಯಕ ಆಶಿಕ್ ವೇಸೆಲ್ ಈ ಸಂಸ್ಥೆಗಳಲ್ಲಿ ಹಾಡು ಕಲಿಸಿದರು. ಶನಿವಾರದ ಸಭೆಯಲ್ಲಿ ವಿದ್ಯಾರ್ಥಿ ಎದ್ದು ನಿಂತು ಮುಖ್ಯಸ್ಥರನ್ನೇ ಪ್ರಶ್ನಿಸಬಹುದಿತ್ತು. ಜೊತೆಗೆ ಓದು. ಪಠ್ಯವಲ್ಲದ ಪುಸ್ತಕಗಳನ್ನು ಓದುವುದು ದಿನಚರಿಯ ಭಾಗವಾಗಿತ್ತು. ಓದು ಮತ್ತು ಕೈಗೆಲಸವನ್ನು ಬೆಸೆಯುವ ಇದೇ ಹಂಬಲ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದಲ್ಲೂ ಇತ್ತು. ಟರ್ಕಿಯ ಜಮೀನುದಾರರಿಗೂ ಸಂಪ್ರದಾಯವಾದಿಗಳಿಗೂ ಈ ಸಂಸ್ಥೆಗಳು ಕಣ್ಣಿಗೆ ಚುಚ್ಚಿದವು. 1954ರಲ್ಲಿ ಅವು ಮುಚ್ಚಿದವು. ಅಷ್ಟರೊಳಗೆ ಹಳ್ಳಿಯಿಂದಲೇ ಬಂದ ಬರಹಗಾರರ ಒಂದು ಇಡೀ ತಲೆಮಾರು ತಯಾರಾಗಿತ್ತು. 1948ರಲ್ಲಿ ಗೋನೆನ್‌ನಿಂದ ಹೊರಬಂದ ಬಾಯ್ಕುರ್ತ್ ಅವರಲ್ಲೊಬ್ಬರು.

ಹಳ್ಳಿಗಳಲ್ಲಿ ಪಾಠ ಹೇಳಿ, ಅಂಕಾರಾದಲ್ಲಿ ಸಾಹಿತ್ಯ ಓದಿ ಮತ್ತೆ ಶಿಕ್ಷಕರಾದರು. ತಮ್ಮ ಮನೆಯ ಮುಂದೆಯೇ ಬೇರೊಬ್ಬ ಮನೆ ಕಟ್ಟಲು ಹೊರಟಾಗ ಊರಿನ ಮುಖ್ಯಸ್ಥನನ್ನೂ ಲೆಕ್ಕಿಸದೆ ಎದುರು ನಿಲ್ಲುವ ಬಡ ಮುದುಕಿಯ ಕಥೆಯ ಅವರ ಮೊದಲ ಕಾದಂಬರಿಗೆ 1958ರಲ್ಲಿ ಯೂನುಸ್ ನಾದಿ ಪ್ರಶಸ್ತಿ ಬಂತು. ಜೊತೆಗೆ ಮೊಕದ್ದಮೆಯೂ ಬಂತು. ಬರೆದದ್ದಕ್ಕಾಗಿ ಶಿಕ್ಷಕ ವೃತ್ತಿಯಿಂದ ತೆಗೆದುಹಾಕಿದರು. 1960ರ ನಂತರ ಶಾಲಾ ಇನ್‌ಸ್ಪೆಕ್ಟರ್ ಆಗಿ ಮರಳಿದರು. 1965ರಲ್ಲಿ ಹುಟ್ಟಿದ ಶಿಕ್ಷಕರ ಸಂಘಕ್ಕೆ ಅಧ್ಯಕ್ಷರಾದರು. 1969ರ ಡಿಸೆಂಬರಿನಲ್ಲಿ ದೇಶದ ಶಿಕ್ಷಕರು ನಾಲ್ಕು ದಿನ ತರಗತಿ ಬಹಿಷ್ಕರಿಸಿದಾಗ ಮುಂಚೂಣಿಯಲ್ಲಿದ್ದರು. 1971ರ ಸೇನಾ ಹಸ್ತಕ್ಷೇಪದ ಬಳಿಕ ಸಂಘ ಮುಚ್ಚಿತು, ಅವರು ಜೈಲು ಸೇರಿದರು.

1979ರಲ್ಲಿ, ಐವತ್ತರ ವಯಸ್ಸಿನಲ್ಲಿ, ಅವರು ಡ್ಯೂಸ್‌ಬುರ್ಗಿಗೆ ಬಂದರು. ರೈನ್ ದಂಡೆಯ ಉಕ್ಕಿನ ಊರು ಇದು. ಕಾರ್ಮಿಕರನ್ನು ಕರೆತರಲು ಜರ್ಮನಿ ಮತ್ತು ಟರ್ಕಿ 1961ರಲ್ಲಿ ಮಾಡಿಕೊಂಡ ಒಪ್ಪಂದದ ಬಳಿಕ ಬಂದ ಟರ್ಕಿಯವರು ಇಲ್ಲಿಯ ಕುಲುಮೆ, ಗಣಿಗಳಲ್ಲಿ ದುಡಿಯುತ್ತಿದ್ದರು. ಅವರ ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ಕೆಲಸಕ್ಕೆ ಬಾಯ್ಕುರ್ತ್ ಸೇರಿಕೊಂಡರು. ನನ್ನ ಮನಸ್ಸಿಗೆ ನಾಟಿದ್ದು ಅವರು ಆಮೇಲೆ ಮಾಡಿದ ಕೆಲಸ. ಹುಟ್ಟೂರನ್ನು ನೆನೆನೆನೆದು ಬರೆಯುತ್ತಾ ಕಾಲ ಕಳೆಯಬಹುದಿತ್ತು. ಅಷ್ಟು ದೊಡ್ಡ ಹೆಸರು ಆಗಲೇ ಇತ್ತು. ಅವರು ಪೆನ್ನನ್ನು ಡ್ಯೂಸ್‌ಬುರ್ಗಿನ ಕಡೆಗೆ ತಿರುಗಿಸಿದರು. ಊದುಕುಲುಮೆ, ರಾತ್ರಿ ಪಾಳಿ, ರೈನ್ ನದಿ, ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳು ಎಲ್ಲವೂ ಟರ್ಕಿಶ್ ಭಾಷೆಯಲ್ಲಿ ಕಥೆ, ಕಾದಂಬರಿಗಳಾದವು. 1984ರಲ್ಲಿ ಬರ್ಲಿನ್ ಸೆನೆಟಿನ ಮಕ್ಕಳ ಸಾಹಿತ್ಯ ಪ್ರಶಸ್ತಿ ಅವರಿಗೆ ಸಂದಿತು. ಊರಿನ ಸಾಮಾನ್ಯರನ್ನು ಕಲೆಹಾಕಿ ಸಾಹಿತ್ಯ ಕೂಟವೊಂದನ್ನು ನಡೆಸಿದರು. 1999ರಲ್ಲಿ ಎಸ್ಸೆನ್‌ನಲ್ಲಿ ತೀರಿಕೊಳ್ಳುವವರೆಗೂ ಬರೆದರು.

ಈಗ ನಮ್ಮ ಕಡೆ ನೋಡೋಣ. ಹೊರಗೆ ಹೋದ ಕನ್ನಡಿಗರಿಗೆ ಇಂಥ ಚೈತನ್ಯ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. ಕರಾವಳಿಯಿಂದ ಹೋಗಿ ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕುಳಿತು ಕನ್ನಡದಲ್ಲೇ ಮೆಟ್ರಿಕ್ ಓದಿದರು. ಯಶವಂತ ಚಿತ್ತಾಲರೂ ವ್ಯಾಸರಾಯ ಬಲ್ಲಾಳರೂ ಮುಂಬಯಿಯನ್ನೇ ಕನ್ನಡ ಕಾದಂಬರಿಗೆ ತಂದರು. ಇನ್ನೂ ಹಿಂದೆ ಹೋದರೆ ಪಂಜೆ ಮಂಗೇಶರಾಯರಿದ್ದಾರೆ. ಬಾಯ್ಕುರ್ತ್ ಅವರಂತೆ ಶಿಕ್ಷಕರು, ಶಾಲಾ ಇನ್‌ಸ್ಪೆಕ್ಟರು, ಮಕ್ಕಳ ಸಾಹಿತಿ. ಬಂಟವಾಳದಲ್ಲಿ ಹುಟ್ಟಿದ ಪಂಜೆಯವರು ಕೊಡಗಿಗೆ ಮುಖ್ಯೋಪಾಧ್ಯಾಯರಾಗಿ ಹೋದಾಗ ಆ ನಾಡಿನ ಹುತ್ತರಿ ಹಬ್ಬವನ್ನೇ ಹಾಡಾಗಿಸಿದರು. ಕೆಲಸಕ್ಕೆಂದು ಹೋದ ನೆಲವನ್ನು ತನ್ನದೆಂದು ತಿಳಿದು, ಅಲ್ಲಿಯವರಿಗಾಗಿ ಬರೆಯುವುದು ನಮ್ಮ ಹಿರಿಯರೇ ಹಾಕಿಕೊಟ್ಟ ದಾರಿ.

ಆ ದಾರಿಯನ್ನು ಯುರೋಪಿನಲ್ಲಿರುವ ನಾವು ಹಿಡಿದಿಲ್ಲ. ನಮ್ಮ ಕನ್ನಡ ತರಗತಿಯಲ್ಲಿ ಒಮ್ಮೆ ಮಕ್ಕಳಿಗೆ 'ನಮ್ಮ ಊರು' ಎಂದು ಐದು ವಾಕ್ಯ ಬರೆಯಲು ಹೇಳಿದೆವು. ಬಹುತೇಕ ಮಕ್ಕಳು ಅಜ್ಜನ ಮನೆಯ ಬಾವಿ, ತೆಂಗಿನ ಮರ, ಹಸು ಎಂದೇ ಬರೆದರು. ರಜೆಗೆ ಹೋದಾಗ ಕಂಡದ್ದು, ಪಾಠದಲ್ಲಿ ಓದಿದ್ದು. ಒಬ್ಬ ಹುಡುಗಿ ಮಾತ್ರ ಬೇರೆ ಬರೆದಳು: "ನದಿಯಲ್ಲಿ ಉದ್ದದ ದೋಣಿ ಬರುತ್ತದೆ. ಅದರಲ್ಲಿ ಕಲ್ಲಿದ್ದಲು ಇರುತ್ತದೆ. ಅಪ್ಪ ದೋಣಿ ಎಣಿಸುತ್ತಾರೆ. ನಾನೂ ಎಣಿಸುತ್ತೇನೆ. ಅಪ್ಪ ತಪ್ಪು ಎಣಿಸುತ್ತಾರೆ." ಅವಳು ಓದಿ ಮುಗಿಸಿದ್ದೇ ತಡ, ಅಲ್ಲಿಯವರೆಗೆ ಜರ್ಮನ್‌ನಲ್ಲಿ ಪಿಸುಗುಟ್ಟುತ್ತಿದ್ದ ಹುಡುಗರೆಲ್ಲ ತಾವು ಕಂಡ ದೋಣಿ, ಸೇತುವೆ, ಕ್ರೇನುಗಳ ಬಗ್ಗೆ ಕನ್ನಡದಲ್ಲೇ ಮಾತಿಗಿಳಿದರು. ಅಜ್ಜನ ಬಾವಿಯ ಬಗ್ಗೆ ಹೇಳಲು ಅವರ ಬಳಿ ಹೆಚ್ಚೇನೂ ಇರಲಿಲ್ಲ. ತಾವು ದಿನವೂ ಕಾಣುವುದರ ಬಗ್ಗೆ ಬೇಕಾದಷ್ಟಿತ್ತು.

ಟರ್ಕಿಯವರು ಲಕ್ಷಗಟ್ಟಲೆ ಇದ್ದಾರೆ, ನಾವು ಬೆರಳೆಣಿಕೆಯಷ್ಟು ಜನ, ಹೋಲಿಕೆ ಸರಿಯಲ್ಲ ಎನ್ನುವವರಿದ್ದಾರೆ. ನಾವಿರುವ ಈ ಜರ್ಮನ್ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಟರ್ಕಿಶ್ ಮಕ್ಕಳಿಗೆ ತಾಯ್ನುಡಿ ಪಾಠವಿರುವುದು ಅವರ ಸಂಖ್ಯಾಬಲದಿಂದ, ನಿಜ. ಆದರೆ ಮಕ್ಕಳಿಗೆ ಒಂದು ಕಥೆ ಬರೆಯಲು ಸಂಖ್ಯಾಬಲ ಬೇಕಿಲ್ಲ. ನಾವು ಒಪ್ಪಂದದ ಮೇಲೆ ಬಂದ ಎಂಜಿನಿಯರುಗಳು, ನಾಳೆ ಬೇರೆ ದೇಶಕ್ಕೆ ಹೋಗುವವರು ಎಂಬ ಮಾತೂ ಕೇಳುತ್ತೇನೆ. ಆ ಕಾರ್ಮಿಕರೂ ಎರಡು ವರ್ಷ ದುಡಿದು ಮರಳುತ್ತೇವೆಂದೇ ಬಂದಿದ್ದರು. ಅವರ ಮೊಮ್ಮಕ್ಕಳು ಇಂದು ಡ್ಯೂಸ್‌ಬುರ್ಗಿನ ಮಾರ್ಕ್ಸ್‌ಲೋ ಬಡಾವಣೆಯಲ್ಲಿ ಮದುವೆ ಉಡುಪಿನ ಅಂಗಡಿ ನಡೆಸುತ್ತಿದ್ದಾರೆ.

ಕರ್ನಾಟಕದಿಂದ ಬರುವ ಪುಸ್ತಕಗಳು ಬೇಕೇ ಬೇಕು. ಪಂಜೆಯವರ, ರಾಜರತ್ನಂ ಅವರ ಪದ್ಯಗಳಿಲ್ಲದೆ ಕನ್ನಡದ ಬಾಲ್ಯವಿಲ್ಲ. ಅವುಗಳ ಪಕ್ಕದಲ್ಲಿ ಇಲ್ಲಿಯ ಮಗುವಿನ ಪುಸ್ತಕವೂ ಇರಬೇಕು. ಅದನ್ನು ಬೆಂಗಳೂರಿನಲ್ಲಿ ಕುಳಿತ ಲೇಖಕರು ಬರೆದುಕೊಡಲಾರರು. ಶನಿವಾರ ಬೆಳಿಗ್ಗೆ ಬಿಡುವು ಮಾಡಿಕೊಂಡು ಅಕ್ಷರ ಕಲಿಸುವ ಅಕ್ಕಂದಿರು, ಅಣ್ಣಂದಿರೇ ಬರೆಯಬೇಕು. ಈ ಮಕ್ಕಳು ಯಾವ ವಾಕ್ಯದಲ್ಲಿ ತೊಡರುತ್ತಾರೆ, ಯಾವುದಕ್ಕೆ ನಗುತ್ತಾರೆ ಎಂಬುದು ಗೊತ್ತಿರುವುದು ಅವರಿಗೇ. ನಮ್ಮ ಸಂಘಗಳು ರಾಜ್ಯೋತ್ಸವದ ಸಭಾಂಗಣಕ್ಕೂ ಊಟಕ್ಕೂ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಒಂದು ಮಕ್ಕಳ ಪುಸ್ತಕದ ಮುದ್ರಣಕ್ಕೆ ಎತ್ತಿಡಲಿ. ಮೂವತ್ತೆರಡು ಪುಟ, ದಪ್ಪ ಅಕ್ಷರ, ಚಿತ್ರಗಳನ್ನು ಮಕ್ಕಳೇ ಬರೆಯಲಿ. ನಮ್ಮ ತರಗತಿಯವರು ರೈನ್ ನದಿಯ ಕಥೆಗಳನ್ನು ಬರೆಯತೊಡಗಿದ್ದೇವೆ. ಫ್ರಾಂಕ್‌ಫರ್ಟ್, ಮ್ಯೂನಿಕ್, ಬರ್ಲಿನ್ ಕಡೆಯ ಕನ್ನಡ ಶಿಕ್ಷಕರು ತಮ್ಮ ಊರಿನ ಕಥೆಗಳನ್ನು ಸೇರಿಸಿದರೆ ಮುಂದಿನ ಯುಗಾದಿಗೆ ಮೊದಲ ಪುಸ್ತಕ ಅಚ್ಚಿಗೆ ಹೋಗಬಹುದು.