ಸತ್ಯಾಂಶ: ಗಾಯವಿಲ್ಲದಿದ್ದರೆ ದೌರ್ಜನ್ಯವೂ ಇಲ್ಲವೇ?

ಹಿರಿಯರಿಗೆ ಮನೆಯಲ್ಲಿ ಹಿಂಸೆಯಾಗುತ್ತಿದ್ದರೆ ಮೈಮೇಲಿನ ಕಲೆಯೇ ಹೇಳುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರದು ಕಾಳಜಿಯೇ, ಮಾಹಿತಿ ಮಾತ್ರ ತಪ್ಪು.

ವಯಸ್ಸಾದವರ ಚರ್ಮ ತೆಳು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರಿಗೆ ಬಾಗಿಲು ತುಸು ತಾಗಿದರೂ ಮುಂಗೈ ನೀಲಿಗಟ್ಟೀತು. ಅತ್ತ ಪಿಂಚಣಿ ಕಸಿಯುವುದು, ಔಷಧಿ ಕೊಡದಿರುವುದು, ದಿನವಿಡೀ ಬೈಯುವುದು ಮೈಮೇಲೆ ಗುರುತು ಬಿಡುವುದಿಲ್ಲ. ಅದಕ್ಕೇ ಹಿರಿಯರ ಮೇಲೆ ದೌರ್ಜನ್ಯದ ಅನುಮಾನವಿದೆಯೇ ಎಂದು ತಿಳಿಯಲು ವೈದ್ಯರು ಬಳಸುವ ‘ಈಸಿ’ (EASI) ಪಟ್ಟಿಯ ಆರು ಪ್ರಶ್ನೆಗಳಲ್ಲಿ ಐದು ಕೇಳಿಯೇ ತಿಳಿಯುವಂಥವು: ಒತ್ತಾಯದಿಂದ ಸಹಿ ಹಾಕಿಸಲು ನೋಡಿದರಾ? ಊಟ, ಔಷಧಿ, ಕನ್ನಡಕ ಸಿಗದಂತೆ ತಡೆದರಾ? ಆರನೆಯದಕ್ಕಷ್ಟೇ ವೈದ್ಯರು ಗಾಯ, ಕೊಳಕು ಬಟ್ಟೆ, ಕಣ್ಣು ತಪ್ಪಿಸುವುದನ್ನು ಗಮನಿಸುತ್ತಾರೆ. ಕೇಳುವಾಗ ವೈದ್ಯರ ಮುಂದೆ ಹಿರಿಯರೊಬ್ಬರೇ ಇರಬೇಕು. ಮನೆಯವರ ಎದುರು ಅಜ್ಜಿ ಏನು ಹೇಳಿಯಾರು?

ಇಂಥ ಸಂದೇಶ ಬಂದರೆ ಮೂಲ, ದಿನಾಂಕ ಇದೆಯೇ ನೋಡಿ. ನಿಮ್ಮ ವೈದ್ಯರನ್ನೋ ಹಿರಿಯರ ಸಹಾಯವಾಣಿ 14567 ಅನ್ನೋ ಕೇಳಿ.