ತಪ್ಪು ಚಿಕ್ಕಮ್ಮನದೋ, ಪರದೆಯದೋ?

ಯುಪಿಐ ಮೋಸಕ್ಕೆ ಜನರ ಅಜಾಗರೂಕತೆಯೇ ಕಾರಣ ಎಂದು ಲೇಖನವೊಂದರಲ್ಲಿ ಓದಿದೆ. ಅರ್ಧ ಮಾತ್ರ ಒಪ್ಪುತ್ತೇನೆ.

ಮೂರು ವರ್ಷದ ಹಿಂದೆ ನಮ್ಮ ಚಿಕ್ಕಮ್ಮ ಹಳೇ ಹೊಲಿಗೆ ಮಷೀನು ಮಾರಲು ಆನ್‌ಲೈನಲ್ಲಿ ಹಾಕಿದ್ದರು. ಕೊಳ್ಳುವವನು ಫೋನ್ ಮಾಡಿ, 'ದುಡ್ಡು ಕಳಿಸಿದೀನಿ ಆಂಟಿ, ಪಿನ್ ಒತ್ತಿ ತಗೊಳ್ಳಿ' ಅಂದ. ಪರದೆ ಮೇಲೆ 1,800 ರೂಪಾಯಿ ಎಂದು ದಪ್ಪಗೆ ಕಾಣುತ್ತಿತ್ತು. ಅದು ಬರುವ ದುಡ್ಡೋ ಹೋಗುವ ದುಡ್ಡೋ ಎಂಬುದು ಮಾತ್ರ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡಕ ಅಡುಗೆಮನೆಯಲ್ಲಿತ್ತು. ಪಿನ್ ಒತ್ತಿದರು, ಹೋಯ್ತು.

ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ನಿಜ. ಆದರೆ ಅದನ್ನು ಆ ಪರದೆ ಹೇಳಬೇಕಿತ್ತು. ಕೊನೆಗೆ 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ 'ದುಡ್ಡು ಕೊಡಿ' ಎಂದು ಕಳಿಸುವ ಈ 'ಕಲೆಕ್ಟ್ ರಿಕ್ವೆಸ್ಟ್' ಅನ್ನೇ ನಿಲ್ಲಿಸಿತು. ಜನ ಬುದ್ಧಿವಂತರಾಗಲಿ ಎಂದು ಸುಮ್ನೆ ಕಾಯಲಿಲ್ಲ, ಬಾಗಿಲನ್ನೇ ಮುಚ್ಚಿದರು.

ಕ್ಯೂಆರ್ ಕೋಡ್ ಕಳಿಸಿ ಇದೇ ಆಟ ಆಡುವವರು ಇನ್ನೂ ಇದ್ದಾರೆ. ಪಿನ್ ಕೇಳುವ ಜಾಗದಲ್ಲಿ 'ನಿಮ್ಮ ಖಾತೆಯಿಂದ ಇಷ್ಟು ದುಡ್ಡು ಹೋಗುತ್ತದೆ' ಎಂದು ಕನ್ನಡದಲ್ಲಿ ದೊಡ್ಡದಾಗಿ ಹಾಕಲು ಏನು ಕಷ್ಟ? ಕ್ಯಾಶ್‌ಬ್ಯಾಕ್ ಕೂಪನ್ ತೋರಿಸುವಾಗ ಇಡೀ ಪರದೆ ಸಿಗುತ್ತದೆ, ಅಲ್ವಾ?